ಕೂತಲ್ಲಿಂದಲೇ ಎಳೆಯುವ ತೇರು: ವೃದ್ಧಾಶ್ರಮದ ಬೇಸಿಗೆ ಜಾತ್ರೆಗೆ ನಾವು ಕಟ್ಟಿದ್ದು ಹೀಗೆ

ಮೈಸೂರಿನ ಹತ್ತಿರ ಒಂದು ವೃದ್ಧಾಶ್ರಮ. ನಾವು ನಾಲ್ಕೈದು ಗೆಳೆಯರು ಬಿಡುವಾದಾಗ ಹೋಗಿ ಬರುತ್ತೇವೆ. ನಲ್ಲಿ ಸೋರಿದರೆ ವಾಷರ್ ಹಾಕುವುದು, ಅಲ್ಲಾಡುವ ಕುರ್ಚಿ ಬಿಗಿ ಮಾಡುವುದು, ಇಂಥ ಕೆಲಸಗಳು. ಬೇಸಿಗೆ ಬಂದರೆ ಅಲ್ಲಿ ಹಬ್ಬದ ಕಾರ್ಯಕ್ರಮ ಅಂತ ಒಂದಾಗುತ್ತದೆ. ಹೊರಗಿನವರು ಬಂದು ಹಾಡುತ್ತಾರೆ, ಮಕ್ಕಳು ಕುಣಿಯುತ್ತಾರೆ, ಹಣ್ಣು ಹಂಚಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಹಿರಿಯರಿಗೆ ಅಲ್ಲಿ ಇರುವ ಕೆಲಸ ಒಂದೇ, ಕೂತು ಚಪ್ಪಾಳೆ ತಟ್ಟುವುದು. ಈ ಸಲ ಅವರ ಕೈಗೇ ಕೆಲಸ ಕೊಡಬೇಕು ಅಂತ ತೀರ್ಮಾನ ಮಾಡಿದೆವು.

ಇಲ್ಲಿರುವವರಲ್ಲಿ ಜಾಸ್ತಿ ಜನ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಯವರು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಹೊರಡುತ್ತವೆ, ಶ್ರೀಕಂಠೇಶ್ವರನ ಗೌತಮ ರಥ ಎಲ್ಲಕ್ಕಿಂತ ದೊಡ್ಡದು. ಅದರ ಹಗ್ಗಕ್ಕೆ ಕೈ ಹಚ್ಚಿದವರು, ಹೊಸದಾಗಿ ಮದುವೆಯಾದ ವರ್ಷ ಅದಕ್ಕೆ ಹಣ್ಣು ಜವನ (ಘಮಘಮಿಸುವ ದವನದ ಎಸಳು ಸಿಕ್ಕಿಸಿದ ಬಾಳೆಹಣ್ಣು) ಎಸೆದವರು ಇಲ್ಲಿ ಎಷ್ಟೋ ಜನ ಇದ್ದಾರೆ. ಏನು ಮಾಡೋಣ ಅಂತ ಊಟದ ಹೊತ್ತಿನಲ್ಲಿ ಕೇಳಿದಾಗ ಒಬ್ಬ ಅಜ್ಜಿ, "ತೇರಿಲ್ದೆ ಅದೆಂಥ ಜಾತ್ರೆ ಕಣಪ್ಪಾ?" ಅಂದರು. ಅಲ್ಲಿಗೆ ಕೆಲಸ ಏನು ಅಂತ ಗೊತ್ತಾಯಿತು.

ತೇರು ಕಟ್ಟುವುದು ಕಷ್ಟವಲ್ಲ. ಸ್ಕೂಲ್ ಡೇಗೆ ಥರ್ಮಾಕೋಲಿನಲ್ಲಿ ಮಾಡುತ್ತಾರಲ್ಲ, ಹಾಗೆ ಮಾಡಿ ಹಾಲಿನಲ್ಲಿ ನಿಲ್ಲಿಸಿದರೆ ನೋಡಲು ಚೆನ್ನಾಗಿರುತ್ತದೆ. ನಮಗೆ ಬೇಕಿದ್ದುದು ಅದಲ್ಲ. ಗಾಲಿಕುರ್ಚಿಯಲ್ಲಿರುವವರು, ವಾಕರ್ ಹಿಡಿದು ನಡೆಯುವವರು, ಪಾರ್ಶ್ವವಾಯುವಾಗಿ ಒಂದೇ ಕೈ ಆಡುವವರು, ಮರೆವಿನ ಕಾಯಿಲೆ ಇರುವವರು, ಎಲ್ಲರೂ ನಿಜವಾಗಿ ಎಳೆಯಬೇಕು. ಅವರು ಎಳೆದರೆ ಮಾತ್ರ ತೇರು ಮುಂದೆ ಹೋಗಬೇಕು. ಸುಮ್ನೆ ಹಗ್ಗ ಮುಟ್ಟಿಸಿ ಹಿಂದಿನಿಂದ ನಾವು ತಳ್ಳಿಬಿಟ್ಟರೆ ಅವರಿಗೆ ಗೊತ್ತಾಗದೇ ಇರುತ್ತದಾ?

ಅಳತೆ ಮತ್ತು ಗಾಡಿ

ಮೊದಲು ಟೇಪು ಹಿಡಿದು ಇಡೀ ಕಟ್ಟಡ ಅಳೆದೆವು. ಕೋಣೆಗಳ ಬಾಗಿಲು 36 ಇಂಚು ಅಗಲ. ಹಾಸಿಗೆ ಹಿಡಿದವರ ಕೋಣೆಗೂ ತೇರು ಹೋಗಬೇಕು ಅನ್ನುವುದು ಮೊದಲಿನಿಂದಲೂ ಇದ್ದ ಆಸೆ. ಹಾಗಾಗಿ ಒಟ್ಟು ಅಗಲ 30 ಇಂಚು ಮೀರಬಾರದು. ಎತ್ತರಕ್ಕೆ ಬಾಗಿಲ ಮೇಲ್ಪಟ್ಟಿಯ ಜೊತೆ ಸೀಲಿಂಗ್ ಫ್ಯಾನನ್ನೂ ನೋಡಿಕೊಳ್ಳಬೇಕು, ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸುವ ಮಾತೇ ಇಲ್ಲ. ಕಳಶ ಸೇರಿ ಐದು ಅಡಿಗೆ ನಿಲ್ಲಿಸಿದೆವು. ಕುರ್ಚಿಯಲ್ಲಿ ಕೂತವರಿಗೆ ಐದು ಅಡಿಯ ತೇರು ಕತ್ತೆತ್ತಿ ನೋಡುವಷ್ಟು ಎತ್ತರವಾಗಿಯೇ ಕಾಣುತ್ತದೆ.

ತಳಕ್ಕೆ 18 ಎಂಎಂ ಪ್ಲೈವುಡ್, 36 ಇಂಚು ಉದ್ದ, 26 ಇಂಚು ಅಗಲ. ಅಡಿಯಲ್ಲಿ ಸುತ್ತಲೂ ಮರದ ರೀಪರ್ ಹೊಡೆದು ಗಟ್ಟಿ ಮಾಡಿದೆವು. ಗಾಲಿ ನಾಲ್ಕು ಇಂಚಿನ ರಬ್ಬರ್ ಗಾಲಿ, ನಾಲ್ಕೂ ನೇರ ಹೋಗುವಂಥವು. ಅಂಗಡಿಯವರು ಸುತ್ತ ತಿರುಗುವ ಗಾಲಿಯನ್ನೇ ಕೊಡಲು ನೋಡುತ್ತಾರೆ, ಟ್ರಾಲಿಗೆ ಅದೇ ಅನುಕೂಲ. ತೇರಿಗೆ ಬೇಡ. ಒಂದು ಕಡೆಯ ಸಾಲಿನವರು ಜೋರಾಗಿ ಎಳೆದ ಕೂಡಲೇ ತಿರುಗುವ ಗಾಲಿ ಅತ್ತ ವಾಲುತ್ತದೆ, ತೇರು ಹೋಗಿ ಯಾರದೋ ಕಾಲಿಗೆ ತಾಗುತ್ತದೆ. ನೇರ ಗಾಲಿ ಇದ್ದರೆ ಎಳೆತ ಹೆಚ್ಚುಕಮ್ಮಿ ಆದರೂ ಗೆರೆ ಹಾಕಿದ ಹಾಗೆ ಹೋಗುತ್ತದೆ. ತಿರುಗಿಸಬೇಕಾದ ಕಡೆ ಇಬ್ಬರು ಹಿಂದಿನ ತುದಿ ಎತ್ತಿ ತಿರುಗಿಸಿದರೆ ಆಯಿತು. ಕಣ್ಣಿಗೆ ಕಾಣುವ ದೊಡ್ಡ ಗಾಲಿಗಳು ಬರೀ ಅಲಂಕಾರ: ತೆಳು ಪ್ಲೈವುಡ್ಡನ್ನು ದುಂಡಗೆ ಕತ್ತರಿಸಿ, ಬಣ್ಣ ಬಳಿದು, ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲುವ ಹಾಗೆ ಪಕ್ಕಕ್ಕೆ ಬೋಲ್ಟು ಹಾಕಿದೆವು.

ತಳದ ಸುತ್ತ ನೆಲದಿಂದ ಒಂದು ಇಂಚು ಬಿಟ್ಟು ಒಂದು ಪಟ್ಟಿ ಇಳಿಸಿ ಅದಕ್ಕೆ ದಪ್ಪ ಫೋಮ್ ಅಂಟಿಸಿದ್ದೇವೆ. ಯಾರಾದರೂ ಕಾಲು ಚಾಚಿದರೂ ಗಾಲಿ ಪಾದದ ಮೇಲೆ ಹತ್ತುವುದಿಲ್ಲ, ಫೋಮ್ ಮೆತ್ತಗೆ ತಾಗುತ್ತದೆ. ವಯಸ್ಸಾದವರ ಚರ್ಮ ತೆಳು, ಸ್ವಲ್ಪ ಉಜ್ಜಿದರೂ ಕಿತ್ತು ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟಿಗೂ ನೀಲಿಗಟ್ಟುತ್ತದೆ. ಹಾಗಾಗಿ ಅವರ ಕೈಕಾಲು ತಾಗುವ ಜಾಗದಲ್ಲಿ ಒಂದು ಮೊಳೆ ತುದಿಯೂ ಹೊರಗೆ ಇರಬಾರದು. ಎಲ್ಲ ಬೋಲ್ಟಿಗೂ ತಲೆ ಹೊರಗೆ, ನಟ್ಟು ಒಳಗೆ. ಮೂಲೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿ, ನನ್ನ ಕೆನ್ನೆಗೆ ತಾಗಿಸಿ ನೋಡಿಯೇ ಮುಂದೆ ಹೋದೆ.

ಮೇಲಿನ ಗೋಪುರಕ್ಕೆ ಬಿದಿರು ದಬ್ಬೆ. ಮೈಸೂರಿನ ಬಂಬೂ ಬಜಾರಿನಲ್ಲಿ ಮೇದರು ನಮ್ಮೆದುರೇ ಸೀಳಿ, ನಯ ಮಾಡಿ ಕೊಟ್ಟರು. ನಾಲ್ಕು ಮೂಲೆಗೆ ನಾಲ್ಕು ಗೂಟ, ಅದಕ್ಕೆ ಕೆಳಗಿನಿಂದ ಮೇಲಕ್ಕೆ ಚಿಕ್ಕದಾಗುತ್ತ ಹೋಗುವ ಐದು ಬಳೆ. ಕಟ್ಟಿದ್ದು ತಂತಿಯಲ್ಲಲ್ಲ, ಹತ್ತಿ ದಾರದಲ್ಲಿ. ಮೇಲೆ ಬಟ್ಟೆ ಸುತ್ತಿದೆವು, ಕೆಂಪು, ಬಿಳಿ, ಹಳದಿ ಪಟ್ಟಿಗಳು. ತುದಿಗೆ ತೆಂಗಿನ ಕರಟಕ್ಕೆ ಚಿನ್ನದ ಬಣ್ಣ ಬಳಿದು ಮಾಡಿದ ಕಳಶ. ಹಿತ್ತಾಳೆಯದು ಇಡಬಹುದಿತ್ತು, ಆದರೆ ಮೇಲೆ ಭಾರ ಹೆಚ್ಚಿದಷ್ಟೂ ತೇರು ಓಲಾಡುತ್ತದೆ. ಭಾರ ಏನಿದ್ದರೂ ತಳದಲ್ಲೇ ಇರಬೇಕು.

ತಳದ ಭಾರದ ವಿಷಯ ನಿಜಕ್ಕೂ ಮುಖ್ಯ. ಟೈಲ್ಸ್ ನೆಲದ ಮೇಲೆ ರಬ್ಬರ್ ಗಾಲಿಯ ಖಾಲಿ ತೇರನ್ನು ಒಂದು ಬೆರಳಲ್ಲಿ ಎಳೆಯಬಹುದು. ಅಷ್ಟು ಹಗುರವಾದರೆ ಎಳೆದ ಹಾಗೇ ಅನಿಸುವುದಿಲ್ಲ, ಜೊತೆಗೆ ಸ್ವಲ್ಪ ಜಗ್ಗಿದರೂ ಮುಂದೆ ನುಗ್ಗಿಬಿಡುತ್ತದೆ. ಹತ್ತತ್ತು ಕೆಜಿಯ ಎರಡು ಮರಳಿನ ಚೀಲ ತಳದ ಹಲಗೆಗೆ ಬಿಗಿದೆವು. ಹಿಂದುಗಡೆ ಇನ್ನೊಂದು ಹಗ್ಗ, ಅದನ್ನು ನಮ್ಮಲ್ಲೊಬ್ಬ ಹಿಡಿದು ನಿಲ್ಲುತ್ತಾನೆ. ಅವನ ಕೆಲಸ ತಡೆಯುವುದು. ಎದುರಿನ ಕೈಗಳಲ್ಲಿ ಬಲ ಎಷ್ಟಿದೆ ನೋಡಿಕೊಂಡು ಅವನು ಬಿಗಿ ಮಾಡಬೇಕು, ಸಡಿಲ ಬಿಡಬೇಕು. ಹುಡುಗರನ್ನು ಈ ಜಾಗಕ್ಕೆ ಹಾಕಬೇಡಿ, ಕಣ್ಣು ಮತ್ತು ತಾಳ್ಮೆ ಇರುವವರನ್ನು ಹಾಕಿ.

ಹಗ್ಗ

ನಾವು ಜಾಸ್ತಿ ಹೊತ್ತು ತಲೆ ಓಡಿಸಿದ್ದು ಇದಕ್ಕೇ. ಗಾಲಿಕುರ್ಚಿಯಲ್ಲಿ ಕೂತವರು ಎದುರಿನ ಭಾರ ಎಳೆದರೆ ಏನಾಗುತ್ತದೆ? ಬ್ರೇಕ್ ಹಾಕಿಲ್ಲದಿದ್ದರೆ ಕುರ್ಚಿಯೇ ತೇರಿನ ಕಡೆ ಹೋಗುತ್ತದೆ. ಬ್ರೇಕ್ ಹಾಕಿದ್ದರೆ ಮೈ ಮುಂದಕ್ಕೆ ಬಾಗುತ್ತದೆ, ಬೀಳುವ ಭಯ. ಅವರನ್ನು ಕುರ್ಚಿ ಸಮೇತ ತಳ್ಳಿಕೊಂಡು ತೇರಿನ ಮುಂದೆ ಹೋಗುವುದು ಇನ್ನೊಂದು ದಾರಿ, ಆದರೆ ಆಗ ಎಳೆಯುವುದು ತಳ್ಳುವವರೇ ಆಗಿಬಿಡುತ್ತಾರೆ.

ಕೊನೆಗೆ ಹೀಗೆ ಮಾಡಿದೆವು. ಹಾಲಿನ ಉದ್ದಕ್ಕೂ ಎರಡು ಸಾಲು ಕುರ್ಚಿ, ಎದುರುಬದುರು, ನಡುವೆ ಆರು ಅಡಿ ದಾರಿ. ತೇರಿನ ಮುಂದಿನ ಎರಡು ಮೂಲೆಯಿಂದ ಎರಡು ಹಗ್ಗ. ಒಂದೊಂದು ಹಗ್ಗ ಒಂದೊಂದು ಸಾಲಿನವರ ಮಡಿಲ ಮುಂದೆ ಹಾದು ಆಚೆ ತುದಿಯವರೆಗೆ. ಯಾರೂ ಜಾಗ ಬಿಟ್ಟು ಏಳಬೇಕಿಲ್ಲ. ತೇರಿನ ಕಡೆಯಿಂದ ಬರುವ ಹಗ್ಗವನ್ನು ಕೈಯಿಂದ ಕೈಗೆ ಜಗ್ಗಿ ಪಕ್ಕದವರ ಕಡೆ ಸಾಗಿಸುವುದು, ಬಾವಿಯಿಂದ ಕೊಡ ಸೇದಿದ ಹಾಗೆ, ಅಡ್ಡಡ್ಡಲಾಗಿ. ಸೇದುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮಾತೇ ಆಡದ ಒಬ್ಬ ಅಮ್ಮ, ಹಗ್ಗ ಕೈಗೆ ಬಂದ ಕೂಡಲೇ ಎಡಗೈ, ಬಲಗೈ, ಎಡಗೈ, ಬಲಗೈ ಅಂತ ಶುರು ಮಾಡಿದರು, ನಾವು ಪಕ್ಕದಲ್ಲಿ ಕೂತು ಸುಮ್ಮನೆ ನೋಡಿದೆವು.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಒಂದೇ ಕೈ ಆಡುವವರು ಒಮ್ಮೆ ಜಗ್ಗಿ, ಬಿಟ್ಟು, ಮತ್ತೆ ಹಿಡಿಯುವಷ್ಟರಲ್ಲಿ ಪಕ್ಕದವರು ಹಿಡಿದಿರುತ್ತಾರೆ. ಸುಸ್ತಾದವರು ಬಿಟ್ಟರೂ ತೇರು ನಿಲ್ಲುವುದಿಲ್ಲ. ಎಲ್ಲರೂ ಬಿಟ್ಟರೆ ಮಾತ್ರ ನಿಲ್ಲುತ್ತದೆ. ಸಾಲಿನ ಆಚೆ ತುದಿಯಲ್ಲಿ ಒಬ್ಬರು ನಿಂತು ಬಂದ ಹಗ್ಗವನ್ನು ಸುತ್ತಿಕೊಳ್ಳುತ್ತಾ ಹೋಗಬೇಕು. ನೆಲದ ಮೇಲೆ ಹಗ್ಗ ಬಿದ್ದಿರಕೂಡದು, ವಾಕರ್ ಕಾಲಿಗೆ ಸಿಕ್ಕಿದರೆ ಮುಗಿಯಿತು. ಹಗ್ಗಕ್ಕೆ ಕುಣಿಕೆ ಹಾಕೋಣ, ಹಿಡಿತ ಇಲ್ಲದವರಿಗೆ ಮಣಿಕಟ್ಟಿಗೆ ಸಿಕ್ಕಿಸಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ಬೇಡವೇ ಬೇಡ. ಓಡುವ ಹಗ್ಗಕ್ಕೆ ಕೈ ಸಿಕ್ಕಿಸಿದರೆ ತೋಳೇ ಎಳೆದುಕೊಂಡು ಹೋಗಬಹುದು. ಹಿಡಿತ ಕಮ್ಮಿ ಇರುವವರಿಗೆ ಹಗ್ಗವೇ ದಪ್ಪಗಿರಬೇಕು, ಅಷ್ಟೇ.

ನೈಲಾನ್ ಹಗ್ಗ ಕೈ ಸುಡುತ್ತದೆ, ತೆಂಗಿನ ನಾರಿನದು ಚುಚ್ಚುತ್ತದೆ. ನಾವು ಹಳೆಯ ನೂಲಿನ ಸೀರೆಗಳನ್ನು ಹೆಣೆದೆವು. ಸೀರೆಯನ್ನು ಉದ್ದಕ್ಕೆ ಅಂಗೈ ಅಗಲದ ಪಟ್ಟಿಗಳಾಗಿ ಹರಿದು, ಮೂರೆಳೆ ಜಡೆ. ಹೆಣೆದಾಗ ಉದ್ದ ಕಮ್ಮಿಯಾಗುತ್ತದೆ, ಅದಕ್ಕೆ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು ಉದ್ದ ಮಾಡಿಕೊಳ್ಳಬೇಕು. ಮೂರೆಳೆಯ ಹೊಲಿಗೆಗಳೂ ಒಂದೇ ಜಾಗಕ್ಕೆ ಬಾರದ ಹಾಗೆ ಹಿಂದುಮುಂದಾಗಿ ಜೋಡಿಸಿದರೆ ಎಲ್ಲೂ ದುರ್ಬಲವಾಗುವುದಿಲ್ಲ. ಮುಗಿದ ಹಗ್ಗ ಅಂಗೈ ತುಂಬ ಬರುತ್ತದೆ, ಸಂಧಿವಾತದಿಂದ ಬೆರಳು ಪೂರ್ತಿ ಮಡಚಲಾಗದವರಿಗೂ ಹಿಡಿಯಲು ಆಗುತ್ತದೆ. ವರಾಂಡದ ಕಂಬಕ್ಕೆ ಕಟ್ಟಿ ಇಬ್ಬರು ಗಟ್ಟಿಗರು ಎಳೆದು ಪರೀಕ್ಷೆ ಮಾಡಿದ ಮೇಲೆಯೇ ಒಳಗೆ ತಂದದ್ದು.

ಹೆಣೆದವರು ಅಜ್ಜಿಯರು. ಮಧ್ಯಾಹ್ನ ಊಟವಾಗಿ ಮಲಗುವ ಮುಂಚೆ ಒಬ್ಬರು ತುದಿ ಹಿಡಿದರೆ ಇನ್ನೊಬ್ಬರು ಜಡೆ ಹೆಣೆಯುತ್ತಿದ್ದರು. ಎಷ್ಟೋ ಜನ ತಮ್ಮದೇ ಹಳೆಯ ಸೀರೆ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಹರಿಯುವ ಮುಂಚೆ ಪ್ರತಿಯೊಬ್ಬರನ್ನೂ ಇನ್ನೊಮ್ಮೆ ಕೇಳಿ, "ಇದನ್ನ ಹರೀಬಹುದಾ ಅಮ್ಮಾ?" ಅಂತ. ಒಬ್ಬರು ಬೇಡ ಅಂದರು, ಮಡಚಿ ವಾಪಸ್ ಕೊಟ್ಟೆವು. ನನ್ನ ಕೇಳಿದರೆ ಜಾತ್ರೆಯ ದಿನಕ್ಕಿಂತ ಈ ಮಧ್ಯಾಹ್ನಗಳೇ ಹೆಚ್ಚು ಜಾತ್ರೆಯ ಹಾಗಿದ್ದವು. ಹೊರಗಿನವರು ಎಲ್ಲ ತಯಾರು ಮಾಡಿಕೊಂಡು ಬಂದರೆ ಇವರಿಗೆ ಸಿಗುವುದು ಬರೀ ಒಂದು ಸಂಜೆ.

ಹಣ್ಣು ಜವನ

ನಿಜವಾದ ಬಾಳೆಹಣ್ಣು ಎಸೆಯುವುದಕ್ಕೆ ಒಪ್ಪಲಿಲ್ಲ. ಟೈಲ್ಸ್ ಮೇಲೆ ಹಣ್ಣು ಜಜ್ಜಿದರೆ ಜಾರಿ ಬೀಳುವುದು ಗ್ಯಾರಂಟಿ, ಸೊಂಟದ ಮೂಳೆ ಮುರಿದರೆ ಈ ವಯಸ್ಸಿನಲ್ಲಿ ಎದ್ದು ಓಡಾಡುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಹಳದಿ ಬಟ್ಟೆಯಲ್ಲಿ ಬೆರಳುದ್ದದ ಬಾಳೆಹಣ್ಣು ಹೊಲಿದು ಹತ್ತಿ ತುಂಬಿದೆವು. ಜವನ ಮಾತ್ರ ನಿಜದ್ದೇ, ದೇವರಾಜ ಮಾರುಕಟ್ಟೆಯಿಂದ ಬೆಳಿಗ್ಗೆ ತಂದದ್ದು. ಒಂದೊಂದು ಬಟ್ಟೆಹಣ್ಣಿಗೆ ಒಂದೊಂದು ಎಸಳು ಕಟ್ಟಿದೆವು. ಆ ವಾಸನೆ ಇಲ್ಲದಿದ್ದರೆ ಬರೀ ಚೆಂಡಾಟ ಆಗುತ್ತಿತ್ತು. ಇಡೀ ಹಾಲ್ ತುಂಬ ಜವನದ ವಾಸನೆ. ಊದುಬತ್ತಿ, ಕರ್ಪೂರ ಹಚ್ಚಲಿಲ್ಲ, ಉಬ್ಬಸ ಇರುವವರಿದ್ದಾರೆ, ಒಬ್ಬರಿಗೆ ಆಮ್ಲಜನಕದ ಯಂತ್ರ ಇದೆ. ಅದರ ಹತ್ತಿರ ಬೆಂಕಿ ಬರಲೇಬಾರದು. ದೀಪಗಳೆಲ್ಲ ಬ್ಯಾಟರಿಯವು.

ತೇರಿನ ಎರಡೂ ಪಕ್ಕಕ್ಕೆ, ಕೂತವರ ಎದೆ ಮಟ್ಟಕ್ಕೆ, ಅಗಲ ಬಾಯಿಯ ಬಿದಿರು ಬುಟ್ಟಿ ಕಟ್ಟಿದ್ದೇವೆ. ಹಗ್ಗ ಎಳೆಯುತ್ತಾ ಎಳೆಯುತ್ತಾ ತೇರು ಹತ್ತಿರ ಬರುತ್ತದೆ. ನಿಮ್ಮೆದುರಿಗೆ ಬಂದಾಗ ನಿಮ್ಮ ಪಾಲಿನ ಹಗ್ಗ ಮುಗಿದಿರುತ್ತದೆ, ಕೈ ಖಾಲಿ. ಆಗ ಮಡಿಲಲ್ಲಿರುವ ಹಣ್ಣು ಜವನ ಎಸೆಯಬೇಕು. ಹಗ್ಗದ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿಲ್ಲ, ಆದರೆ ಅದೇ ಇಡೀ ಆಟಕ್ಕೆ ಜೀವ ಕೊಟ್ಟಿತು. ತೇರು ಪ್ರತಿಯೊಬ್ಬರ ಮುಂದೆಯೂ ಒಂದು ಗಳಿಗೆ ನಿಲ್ಲುತ್ತದೆ. ಹಿಂದಿನ ಹಗ್ಗ ಹಿಡಿದವನು ಎಸೆದದ್ದು ನೋಡಿಯೇ ಮುಂದೆ ಬಿಡುತ್ತಾನೆ. ಎಂಬತ್ತು ದಾಟಿದ ಗಂಡ ಹೆಂಡತಿ ಒಂದು ಜೋಡಿ ಇದ್ದಾರೆ, ಅವರಿಗೆ ಒಂದೇ ಹಣ್ಣು ಕೊಟ್ಟು ಇಬ್ಬರೂ ಸೇರಿ ಎಸೆಯಿರಿ ಅಂದೆವು. ತಾತ, "ಆವಾಗ ಕಳಶಕ್ಕೇ ತಾಗಿಸಿದ್ದೆ" ಅಂದರು. ಅಜ್ಜಿ, "ಸುಳ್ಳು, ಪಕ್ಕದೋನ ತಲೆಗೆ ಬಿದ್ದಿತ್ತು" ಅಂದರು. ಇಡೀ ಸಾಲು ನಕ್ಕಿತು.

ದೇವರ ವಿಷಯ ಮೊದಲೇ ಮಾತಾಡಿಕೊಂಡಿದ್ದೆವು. ಆಶ್ರಮದಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ತೇರಿನಲ್ಲಿ ಯಾವ ಮೂರ್ತಿ ಅಂತ ಹಿರಿಯರನ್ನೇ ಕೇಳಿದೆವು. ಅವರು ಹೂವಿನ ಒಂದು ಕೊಡ ಇಡಿ ಸಾಕು, ನಮಸ್ಕಾರ ಮಾಡುವವರು ಮಾಡುತ್ತಾರೆ ಅಂದರು. ಬೆಂಗಳೂರಿನ ಶಿವಾಜಿನಗರದ ಕಡೆಯಿಂದ ಬಂದ ಒಬ್ಬ ಕ್ರೈಸ್ತ ಅಮ್ಮ, "ನಮ್ಮ ಮರಿಯಮ್ಮನ ಹಬ್ಬದಲ್ಲೂ ತೇರು ಎಳೀತೀವಿ, ಸೆಪ್ಟೆಂಬರಲ್ಲಿ" ಅಂತ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ಕೂತರು.

ಶಬ್ದ ಜಾಸ್ತಿ ಬೇಡ. ಮುಚ್ಚಿದ ಹಾಲಿನಲ್ಲಿ ಡೊಳ್ಳು ಬಾರಿಸಿದರೆ ಕಿವಿಯ ಯಂತ್ರ ಹಾಕಿಕೊಂಡವರು ಅದನ್ನು ಕಿತ್ತಿಡುತ್ತಾರೆ, ಮರೆವಿನವರು ಗಾಬರಿಯಾಗುತ್ತಾರೆ. ಒಂದೇ ಸ್ಪೀಕರಿನಲ್ಲಿ ನಾದಸ್ವರ, ಮಾತು ಕೇಳುವಷ್ಟು ಸಣ್ಣಗೆ. ಕಣ್ಣು ಕಾಣದ ಒಬ್ಬ ತಾತನ ಕೈಗೆ ಜಾಗಟೆ ಕೊಟ್ಟೆವು. ಅವರು ಬಾರಿಸಿದರೆ ಎಳೆಯಬೇಕು, ನಿಲ್ಲಿಸಿದರೆ ನಿಲ್ಲಿಸಬೇಕು. ತೇರಿನ ಯಜಮಾನಿಕೆ ಅವರದ್ದೇ.

ಪಕ್ಕದ ಆಟ, ಪಾನಕ

ತೇರು ಬೇಡ ಅನ್ನುವವರಿಗೆ ಒಂದು ಕಡೆ ಚೌಕಾಬಾರ ಇಟ್ಟಿದ್ದೆವು. ಐದೈದು ಮನೆಯ ಮಣೆ, ಒಂದೊಂದು ಮನೆ ಆರು ಇಂಚು, ಒಟ್ಟು ಎರಡೂವರೆ ಅಡಿ ಚೌಕ. ದಪ್ಪ ಕಪ್ಪು ಗೆರೆ, ತಿಳಿ ಹಳದಿ ನೆಲ, ಕಣ್ಣು ಮಂಜಾದವರಿಗೂ ಕಾಣುತ್ತದೆ. ಕಾಯಿಗಳು ಮರದವು, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ. ಕವಡೆಯನ್ನು ನೆಲದಿಂದ ಆರಿಸುವುದು ಬೆರಳಿಗೆ ಕಷ್ಟ, ಅದಕ್ಕೆ ನಾಲ್ಕು ಕವಡೆಯನ್ನೂ ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿಟ್ಟೆವು. ಅಲ್ಲಾಡಿಸಿ ಇಟ್ಟರೆ ಆಯಿತು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಮೇಜಿನ ಅಡಿಯಲ್ಲಿ ಗಾಲಿಕುರ್ಚಿಯ ಮೊಣಕಾಲು ಹೋಗಬೇಕು, ಕನಿಷ್ಠ 28 ಇಂಚು ಖಾಲಿ ಬಿಡಿ. ಈ ಮೇಜಿನಲ್ಲಿ ತೇರಿಗಿಂತ ಜಾಸ್ತಿ ಜಗಳ ಆಯಿತು, ಆಟ ಚೆನ್ನಾಗಿ ನಡೆದಿದೆ ಅಂತ ಅರ್ಥ.

ತಿನ್ನುವುದು ಕುಡಿಯುವುದು ನರ್ಸ್ ಕೈಯಲ್ಲಿ ಪಟ್ಟಿ ಮಾಡಿಸಿಯೇ. ಬೇಲದ ಹಣ್ಣಿನ ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ, ಬಾಳೆಹಣ್ಣಿನ ರಸಾಯನ. ಸಕ್ಕರೆ ಕಾಯಿಲೆಯವರಿಗೆ ಮಜ್ಜಿಗೆ. ಹಲ್ಲಿಲ್ಲದವರಿಗೆ ಕೋಸಂಬರಿಯ ಬೇಳೆಯನ್ನು ಮೆತ್ತಗೆ ಬೇಯಿಸಿ ಕಿವುಚಿ ಕೊಡಬೇಕು. ಹೃದಯ, ಕಿಡ್ನಿ ತೊಂದರೆಯಿಂದ ನೀರು ಅಳತೆಯಲ್ಲಿ ಕುಡಿಯುವವರಿದ್ದಾರೆ, ತೆಳು ನೀರು ನುಂಗಿದರೆ ಕೆಮ್ಮು ಬರುವವರಿದ್ದಾರೆ. ಅವರಿಗೆ ಏನು, ಎಷ್ಟು ಅಂತ ನರ್ಸ್ ಹೇಳಿದ್ದೇ ಕೊನೆ. ಗುರುತಿಗೆ ಬಣ್ಣದ ಚೀಟಿ ಅಂಟಿಸಿದ್ದು ಲೋಟಕ್ಕೆ, ಮನುಷ್ಯರಿಗಲ್ಲ. ಹಬ್ಬದ ದಿನ ಹೊಸ ಸೀರೆ ಉಟ್ಟವರ ಸೆರಗಿಗೆ ಕಾಯಿಲೆಯ ಚೀಟಿ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಶುರು ಮಾಡಿದ್ದು ಸಂಜೆ ಐದಕ್ಕೆ, ಬಿಸಿಲು ಇಳಿದ ಮೇಲೆ. ರಾತ್ರಿ ಊಟ ಮಾತ್ರೆಯ ಹೊತ್ತು ತಪ್ಪಬಾರದು, ಅದಕ್ಕೆ ಏಳಕ್ಕೆ ಮುಗಿಸಿದೆವು.

ಕೋಣೆಗಳಿಗೆ

ಹಾಲಿನಲ್ಲಿ ಮುಗಿದ ಮೇಲೆ ತೇರು ಕಾರಿಡಾರಿಗೆ ಹೋಯಿತು. ಬಾಗಿಲ ಹತ್ತಿರ ಹಿಂದಿನ ತುದಿ ಎತ್ತಿ ತಿರುಗಿಸಿ, ಹಗ್ಗದ ತುದಿಯನ್ನು ಮಂಚದ ಮೇಲೆ ಮಲಗಿದವರ ಕೈಗೆ ಕೊಟ್ಟೆವು. ಇಲ್ಲಿ ಮರಳಿನ ಚೀಲ ತೆಗೆದಿದ್ದೆವು, ಮಲಗಿದವರಿಗೆ ಅಷ್ಟು ಬಲ ಬರುವುದಿಲ್ಲ, ಖಾಲಿ ತೇರು ಸಾಕು. ಗೋಪುರ ಓಲದ ಹಾಗೆ ಒಬ್ಬರು ಪಕ್ಕದಲ್ಲಿ ಕೈ ಕೊಟ್ಟಿದ್ದರು. ಹಗ್ಗವನ್ನು ಬರೀ ಬೆರಳಲ್ಲಿ ಸುತ್ತಿಕೊಂಡ ಒಬ್ಬ ಮೇಷ್ಟ್ರು, ಬಾಗಿಲಿನಿಂದ ಮಂಚದವರೆಗೆ ತಾವೇ ಎಳೆದುಕೊಂಡರು. ಬಹಳ ನಿಧಾನ. ಯಾರೂ ಅವಸರ ಮಾಡಲಿಲ್ಲ. ತೇರು ಮಂಚಕ್ಕೆ ತಾಗಿದಾಗ, "ಬೆಣೆ ಕೊಡ್ರೋ" ಅಂತ ಕೂಗಿದರು. ಹುಡುಗನೊಬ್ಬ ಓಡಿಹೋಗಿ ತನ್ನ ಚಪ್ಪಲಿಯನ್ನೇ ಗಾಲಿಗೆ ಕೊಟ್ಟ.

ಈಗ ಮರದ ನಾಲ್ಕು ಬೆಣೆ ಮಾಡಿ, ಹಿಡಿ ಹಾಕಿ, ತೇರಿನ ತಳದಲ್ಲೇ ಸಿಕ್ಕಿಸಿಟ್ಟಿದ್ದೇನೆ. ಗೋಪುರ ತಳದಿಂದ ಬೇರೆಯಾಗುವ ಹಾಗೆ ನಾಲ್ಕು ಗೂಟಕ್ಕೂ ರೆಕ್ಕೆ ನಟ್ಟು ಹಾಕಿದ್ದೇವೆ, ಬಿಚ್ಚಿದರೆ ಸ್ಟೋರಿನ ಅಟ್ಟದ ಮೇಲೆ ಹಿಡಿಸುತ್ತದೆ. ಬಿದಿರಿಗೆ ಹುಳು ಹಿಡಿಯದಿರಲು ಬೇವಿನೆಣ್ಣೆ ಹಚ್ಚಿದ್ದಾಯಿತು. ಸೀರೆ ಹಗ್ಗ ಒಗೆದು ಒಣಗಿಸಿ ಸುತ್ತಿಟ್ಟಿದೆ. ಅದು ಗಿಡ್ಡ ಆಯಿತು, ಸಾಲಿನ ಕೊನೆಯವರಿಗೆ ಸರಿಯಾಗಿ ಸಿಗಲಿಲ್ಲ ಅಂತ ಅಜ್ಜಿಯರ ದೂರು, ದಸರಾ ಹೊತ್ತಿಗೆ ಇನ್ನು ಹತ್ತು ಅಡಿ ಸೇರಿಸಬೇಕಂತೆ. ಮನೆಯಲ್ಲಿ ಹಳೆಯ ನೂಲಿನ ಸೀರೆ ಇದ್ದವರು ಎತ್ತಿಟ್ಟಿರಿ, ಪಾಲಿಸ್ಟರ್ ಬೇಡ, ಜಾರುತ್ತದೆ.